ಮಗುವಿನ ಕಿವಿ ಸೋರಿದಾಗ: ಶಿರಸಿಯ ಮಳೆಗಾಲದಲ್ಲಿ ನಾವು ಪಟ್ಟ ಪಾಡು

ದೀಪಾವಳಿಗೆ ಸ್ವಲ್ಪ ಮುಂಚೆ ಕಿವಿ ಡಾಕ್ಟರು ನಮ್ಮ ಮಾಣಿಯ, ಅಂದರೆ ಮಗನ, ಕಿವಿ ನೋಡಿ, ‘ಇನ್ನು ಬರುವುದು ಬೇಡ’ ಎಂದರು. ಆಷಾಢದಲ್ಲಿ ಹಿಡಿದ ಕಾಟ ಅಲ್ಲಿಗೆ ಮುಗಿಯಿತು. ಇಷ್ಟು ದಿನ ನಮಗೆ ಬೇಕಾದ ಮಾಹಿತಿ ಒಂದೇ ಕಡೆ, ಕನ್ನಡದಲ್ಲಿ ಸಿಗಲಿಲ್ಲ. ಅಂಗನವಾಡಿಯ ಬೇರೆ ತಾಯಂದಿರೂ ಈಗ ನನ್ನನ್ನೇ ಕೇಳುತ್ತಿದ್ದಾರೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಇಲ್ಲಿ ಬರುವ ಔಷಧಿಯ ಅಳತೆಗಳು ನಮ್ಮ ಮಗುವಿಗೆ ಕೊಟ್ಟವು. ನಿಮ್ಮ ಮಗುವಿನದ್ದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ಶುರುವಾದದ್ದು ಮಾಮೂಲಿ ಶೀತದಿಂದ. ಮಾಣಿಗೆ 4 ವರ್ಷ, ತೂಕ 14 ಕಿಲೊ. ಈ ತೂಕದ ಮಾತು ಮುಂದೆ ಮತ್ತೆ ಬರುತ್ತದೆ, ನೆನಪಿರಲಿ. ಮಳೆ ಹಿಡಿದ ಮೇಲೆ ಅಂಗನವಾಡಿಯಲ್ಲಿ ಎಲ್ಲ ಮಕ್ಕಳ ಮೂಗೂ ಸೋರುತ್ತಿತ್ತು, ಇವನದ್ದೂ ಸೋರಿತು. ಆಡಿಕೊಂಡೇ ಇದ್ದ. ಆಮೇಲೆ ಒಂದು ರಾತ್ರಿ ನಿದ್ದೆಯಿಂದ ಎದ್ದು, ಬಲಗಿವಿ ಹಿಡಿದುಕೊಂಡು ಕಿರುಚಲು ಶುರು ಮಾಡಿದ. ಮಲಗಿಸಿದರೆ ನೋವು ಜಾಸ್ತಿ, ಎತ್ತಿಕೊಂಡರೆ ಸ್ವಲ್ಪ ಕಡಿಮೆ. ಜ್ವರ 101. ಹೊರಗೆ ಜಡಿಮಳೆ. ಕರೆಂಟು ಸಂಜೆಯೇ ಹೋಗಿತ್ತು. ನಮ್ಮ ಮನೆ ಶಿರಸಿ ಪೇಟೆಯಿಂದ ಒಳಗೆ, ಅಡಿಕೆ ತೋಟ ದಾಟಿ ಹೋಗಬೇಕು. ಆ ಹೊತ್ತಿನಲ್ಲಿ ಹೊರಡುವ ಹಾಗಿರಲಿಲ್ಲ.

ಅತ್ತೆ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಎರಡು ಹನಿ ಬಿಡೋಣ ಎಂದರು. ನಮ್ಮ ಕಡೆ ಎಲ್ಲ ಮನೆಯಲ್ಲೂ ಇದೇ ಮದ್ದು. ಮೊಮ್ಮಗ ಒದ್ದಾಡುವುದನ್ನು ನೋಡಲಾರದೆ ಹೇಳಿದ ಮಾತು ಅದು. ‘ಬೆಳಗಾಗಲಿ ಅತ್ತೆ, ಒಳಗೆ ಏನಾಗಿದೆ ಅಂತ ತೋರಿಸಿಕೊಂಡು ಬಂದು ಆಮೇಲೆ ನೋಡೋಣ’ ಎಂದೆ. ಮನೆಯಲ್ಲಿದ್ದ ಪ್ಯಾರಸಿಟಮಾಲ್ ಸಿರಪ್ಪನ್ನು ಡಾಕ್ಟರು ಹಿಂದೆ ತೂಕ ನೋಡಿ ಬರೆದುಕೊಟ್ಟ ಅಳತೆಯಲ್ಲೇ ಕೊಟ್ಟೆ. ಅರ್ಧ ಗಂಟೆಯ ಮೇಲೆ ನನ್ನ ಹೆಗಲ ಮೇಲೇ ನಿದ್ದೆ ಹೋದ. ಕಿವಿ ನೋವಿಗೆ ಮೊದಲ ದಿನ ನಿಜವಾಗಿ ಕೆಲಸಕ್ಕೆ ಬರುವುದು ನೋವಿನ ಔಷಧಿಯೇ ಎಂದು ಮರುದಿನ ಡಾಕ್ಟರೂ ಹೇಳಿದರು. ಆಂಟಿಬಯೋಟಿಕ್ ಶುರು ಮಾಡಿದರೂ ಮೊದಲ ದಿನ ನೋವು ತಗ್ಗುವುದಿಲ್ಲವಂತೆ. ಎಣ್ಣೆಯ ಬಗ್ಗೆ ಅವರು ಹೇಳಿದ್ದು ಹೀಗೆ: ಕಿವಿಯ ಪರದೆ ಒಳಗಿನಿಂದ ಒಡೆದಿದ್ದರೆ ಹೊರಗೆ ಬಿಟ್ಟದ್ದು ಸೀದಾ ನಡುಗಿವಿಗೆ ಇಳಿಯುತ್ತದೆ. ಒಡೆದಿದೆಯೋ ಇಲ್ಲವೋ ಮನೆಯಲ್ಲಿ ಗೊತ್ತಾಗುವುದಿಲ್ಲ. ಹಾಗಾಗಿ ಏನನ್ನೂ ಬಿಡಬೇಡಿ. ಅತ್ತೆಗೆ ಇದನ್ನು ಹೇಳಿದಾಗ ತಕ್ಷಣ ಒಪ್ಪಿಕೊಂಡರು.

ಬೆಳಗ್ಗೆ ಮೊದಲ ಬಸ್ಸಿಗೆ ಪೇಟೆಗೆ ಹೋದೆವು. ಮಕ್ಕಳ ಡಾಕ್ಟರ ಹತ್ತಿರ ಟೋಕನ್ ಸಿಕ್ಕಿದರೂ ಮಧ್ಯಾಹ್ನದವರೆಗೆ ಕಾಯಬೇಕಾಯಿತು. ಜುಲೈ ತಿಂಗಳಲ್ಲಿ ಎಲ್ಲ ಕಡೆ ಇದೇ ಪಾಡು. ಇಲ್ಲಿ ಒಂದು ಮಾತು. ಕಿವಿಯೊಳಗೆ ನೋಡುವ ಒಟೊಸ್ಕೋಪನ್ನು ಕಂಡರೆ ಮಕ್ಕಳು ಹೆದರುತ್ತವೆ. ಮಗುವನ್ನು ಅಡ್ಡವಾಗಿ ತೊಡೆಯ ಮೇಲೆ ಕೂರಿಸಿ, ಒಂದು ಕೈಯಿಂದ ತಲೆಯನ್ನು ನಿಮ್ಮ ಎದೆಗೆ ಒತ್ತಿ ಹಿಡಿದು, ಇನ್ನೊಂದರಿಂದ ಅದರ ಎರಡೂ ಕೈ ಹಿಡಿಯಿರಿ. ಗಟ್ಟಿಯಾಗಿ ಹಿಡಿದರೆ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಪಾಪ ಅಂತ ಸಡಿಲ ಬಿಟ್ಟರೆ ಅಲುಗಾಡಿ ಕಿವಿಗೆ ಚುಚ್ಚುತ್ತದೆ.

ಬಲಗಿವಿಯ ಪರದೆ ಕೆಂಪಾಗಿ ಉಬ್ಬಿತ್ತು. ನಡುಗಿವಿಯ ಸೋಂಕು. ಡಾಕ್ಟರು ಅಂಗಿ ಎತ್ತಿ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿದರು. 1ರಿಂದ 5 ವರ್ಷದ ಮಗು ನಿಮಿಷಕ್ಕೆ 40 ಅಥವಾ ಅದಕ್ಕಿಂತ ಜಾಸ್ತಿ ಸಲ ಉಸಿರಾಡಿದರೆ ನ್ಯುಮೋನಿಯಾ ಇರಬಹುದು ಎಂಬ ಅನುಮಾನ ಪಡಬೇಕಂತೆ. ಕಿವಿಗೆ ಬರುವ ಬ್ಯಾಕ್ಟೀರಿಯಾಗಳೇ ಸೈನಸ್‌ಗೂ ಶ್ವಾಸಕೋಶಕ್ಕೂ ಹೋಗಬಲ್ಲವು. ಅದಕ್ಕೇ ಕಿವಿ ನೋವೆಂದು ಬಂದವರ ಎದೆಯನ್ನೂ ನೋಡುತ್ತಾರೆ. ನಮ್ಮವನ ಉಸಿರು ಸರಿಯಿತ್ತು.

ಆಮೇಲೆ ಅವರು ಹೇಳಿದ್ದು ಕೇಳಿ ನನಗೆ ಅಳುವೇ ಬಂತು. ಆಂಟಿಬಯೋಟಿಕ್ ಚೀಟಿ ಬರೆದುಕೊಡುತ್ತೇನೆ, ಆದರೆ ಈಗಲೇ ಶುರು ಮಾಡಬೇಡಿ ಎಂದರು! ಎರಡು ವರ್ಷ ದಾಟಿದ ಮಗು, ಒಂದೇ ಕಿವಿ, ಜ್ವರ 102.2ಕ್ಕಿಂತ ಕಡಿಮೆ, ನೋವಿನ ಔಷಧಿಗೆ ನೋವು ತಗ್ಗುತ್ತಿದೆ. ಹೀಗಿದ್ದಾಗ 48ರಿಂದ 72 ಗಂಟೆ ಕಾದು ನೋಡಬಹುದು. ಬಹಳಷ್ಟು ಮಕ್ಕಳಿಗೆ ಅಷ್ಟರಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಆಗದಿದ್ದರೆ ಅಥವಾ ಜಾಸ್ತಿಯಾದರೆ ಮಾತ್ರ ಶುರು ಮಾಡಿ ಎಂದರು. ಇಷ್ಟು ದೂರ ಬಂದು, ಇಷ್ಟು ಹೊತ್ತು ಕಾದು, ಬರೀ ಪ್ಯಾರಸಿಟಮಾಲ್ ಹಿಡಿದುಕೊಂಡು ಹೋಗುವುದಾ ಅನ್ನಿಸಿತು. ಅವರಿಗೂ ಗೊತ್ತಾಯಿತು. ಕೂರಿಸಿಕೊಂಡು ಬಿಡಿಸಿ ಹೇಳಿದರು.

ಮೂಗಿನ ಹಿಂಭಾಗದಿಂದ ನಡುಗಿವಿಗೆ ಒಂದು ಸಣ್ಣ ನಾಳ ಇದೆ, ಯೂಸ್ಟೇಶಿಯನ್ ನಾಳ. ದೊಡ್ಡವರಲ್ಲಿ ಅದು ಉದ್ದ ಮತ್ತು ಇಳಿಜಾರು. ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಡಿಮೆ ಅಡ್ಡ. ‘ಗುಡ್ಡದ ಅಬ್ಬಿಯಿಂದ ಮನೆಗೆ ನೀರು ತರೋ ಪೈಪು ಇಳಿಜಾರು ಕಮ್ಮಿ ಆದ್ರೆ ಕಸ ಕಟ್ಟಿಕೊಳ್ಳುತ್ತಲ್ಲ, ಹಾಗೇ ಇದೂ’ ಎಂದರು. ಶೀತದ ವೈರಸ್ಸಿನಿಂದ ನಾಳ ಊದಿಕೊಂಡು ಮುಚ್ಚುತ್ತದೆ. ನಡುಗಿವಿಯಲ್ಲಿ ದ್ರವ ನಿಲ್ಲುತ್ತದೆ. ಮೂಗಿನ ಹಿಂದೆ ಮೊದಲೇ ಸುಮ್ಮನೆ ವಾಸವಾಗಿದ್ದ ಬ್ಯಾಕ್ಟೀರಿಯಾ ಅಲ್ಲಿಗೆ ಹತ್ತಿ ಬೆಳೆಯುತ್ತವೆ. ಮುಖ್ಯವಾಗಿ ಮೂರು: ಸ್ಟ್ರೆಪ್ಟೊಕಾಕಸ್ ನ್ಯುಮೋನಿಯೆ, ಅಂದರೆ ನ್ಯುಮೋಕಾಕಸ್, ಹೀಮೋಫಿಲಸ್ ಇನ್ಫ್ಲುಯೆಂಜೆ, ಮೊರಾಕ್ಸೆಲ್ಲಾ ಕ್ಯಾಟರಾಲಿಸ್. ಹೊರಗಿನಿಂದ ನೋಡಿ ಯಾವುದೆಂದು ಹೇಳಲು ಬರುವುದಿಲ್ಲ.

ಹಳೆಯ ಚೀಟಿಯಲ್ಲಿದ್ದ ಶೀತದ ಸಿರಪ್ಪನ್ನೂ ತೋರಿಸಿದೆ. ಕಿವಿಗೆ ಅದರಿಂದ ಉಪಯೋಗ ಇಲ್ಲ ಎಂದು ಗೀಟು ಹಾಕಿದರು. ಇಷ್ಟು ಕೇಳಿದ ಮೇಲೆ ಕಾಯಲು ಧೈರ್ಯ ಬಂತು. ಈಗ ಹಿಂತಿರುಗಿ ನೋಡಿದರೂ ಆ ಸಲಹೆ ಸರಿ ಎಂದೇ ನನ್ನ ಅಭಿಪ್ರಾಯ. ನಮ್ಮ ಮಗು ಕಡಿಮೆಯಾಗದ ಗುಂಪಿಗೆ ಸೇರಿತು, ಅಷ್ಟೇ.

ಕಾಯುವ ದಿನಗಳು ಕಷ್ಟದವು. ಬೆಂಗಳೂರಿನಿಂದ ಭಾವ ಫೋನ್ ಮಾಡಿ, ‘ಅಜಿಥ್ರೊಮೈಸಿನ್ ಕೊಡು, ಮೂರೇ ದಿನದ ಕೋರ್ಸು’ ಎಂದರು. ಮೇಲಿನ ಮನೆ ಅಕ್ಕ ತಮ್ಮ ಮಗಳಿಗೆ ತಂದು ಉಳಿದಿದ್ದ ಕಿವಿ ಹನಿ ಕೊಟ್ಟರು. ಎಲ್ಲರದ್ದೂ ಪ್ರೀತಿಯೇ. ಎರಡನ್ನೂ ಬಳಸುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿದೆ. ಅಜಿಥ್ರೊಮೈಸಿನ್‌ಗೆ ಬಗ್ಗದ ನ್ಯುಮೋಕಾಕಸ್ ಈಗ ಸಾಕಷ್ಟಿದೆ, ಹೀಮೋಫಿಲಸ್ ಮೇಲೂ ಅದರ ಕೆಲಸ ಅಷ್ಟಕ್ಕಷ್ಟೇ, ಪೆನ್ಸಿಲಿನ್ ಅಲರ್ಜಿ ಇದ್ದವರಿಗೆ ಬೇರೆ ದಾರಿ ಇಲ್ಲದಾಗ ಯೋಚಿಸುತ್ತಾರೆ ಎಂದರು. ಹನಿಯಲ್ಲಿ ಜೆಂಟಾಮೈಸಿನ್ ಇತ್ತು. ಪರದೆ ತೂತಾಗಿದ್ದರೆ ಅದು ಒಳಗಿವಿಗೆ ಹಾನಿ ಮಾಡಬಲ್ಲದು. ಹಾಗಾಗಿ ಬೇರೆ ಮಗುವಿನ ಉಳಿದ ಹನಿ ಯಾವತ್ತೂ ಬೇಡ.

ಎರಡನೇ ರಾತ್ರಿ ಜ್ವರ 102 ದಾಟಿತು. ಬೆಳಗಾಗುತ್ತಲೇ ಚೀಟಿಯಲ್ಲಿದ್ದ ಅಮಾಕ್ಸಿಸಿಲಿನ್ ಶುರು ಮಾಡಿದೆವು. ಬಾಯಿಗೆ ರುಚಿಯಾಗಿತ್ತು, ಕುಡಿದ. ಇನ್ನೇನು ಕಡಿಮೆಯಾಗುತ್ತದೆ ಎಂದು ಕಾದೆವು. ಎರಡು ದಿನ ಕಳೆದರೂ ಜ್ವರ ಹೋಗಿ ಬಂದು ಮಾಡುತ್ತಲೇ ಇತ್ತು.

ಆಮೇಲೆ ಒಂದು ರಾತ್ರಿ ಇದ್ದಕ್ಕಿದ್ದ ಹಾಗೆ ಆರಾಮಾಗಿ ನಿದ್ದೆ ಮಾಡಿದ. ನಾನೂ ಎಷ್ಟೋ ದಿನದ ಮೇಲೆ ಕಣ್ಣು ಮುಚ್ಚಿದೆ. ಬೆಳಗ್ಗೆ ನೋಡಿದರೆ ದಿಂಬಿನ ಮೇಲೆ ಹಳದಿ ಕೀವು, ನಡುವೆ ಒಂಚೂರು ರಕ್ತ. ಕೈಕಾಲು ನಡುಗಿತು. ‘ಒಡೆದು ಹೋಯ್ತು, ಇನ್ನು ಆರಾಮಾಗ್ತದೆ’ ಎಂದು ಅತ್ತೆ ಸಮಾಧಾನ ಹೇಳಿದರು. ನೋವು ಇಳಿದದ್ದು ನಿಜ. ಒತ್ತಡದಿಂದ ಪರದೆ ತೂತಾಗಿ ಕೀವು ಹೊರಗೆ ಬಂದಾಗ ನೋವು ಹೀಗೆಯೇ ನಿಲ್ಲುತ್ತದೆ. ಆದರೆ ಸೋಂಕು ಹೋಗಿರುವುದಿಲ್ಲ. ನೋವಿಲ್ಲವಲ್ಲ ಎಂದು ಔಷಧಿ ನಿಲ್ಲಿಸಿಬಿಡುವುದು ಇಲ್ಲೇ. ದಯವಿಟ್ಟು ಅಲ್ಲಿಗೆ ಬಿಡಬೇಡಿ, ಅವತ್ತೇ ತೋರಿಸಿ.

ಅವತ್ತು ದಾರಿಯಲ್ಲಿ ಮರ ಬಿದ್ದು ಬಸ್ಸಿಲ್ಲ. ಬಾಡಿಗೆ ಗಾಡಿ ಮಾಡಿ, ಸುತ್ತು ದಾರಿಯಲ್ಲಿ ಹೋಗಿ ಬಂದದ್ದಕ್ಕೆ 1,200 ರೂಪಾಯಿ. ಡಾಕ್ಟರ ಫೀಸಿಗಿಂತ ಮೂರು ಪಟ್ಟು! ಒಳಗಿನ ಹಳ್ಳಿಯಲ್ಲಿರುವವರು ಮಳೆಗಾಲದಲ್ಲಿ ಈ ಖರ್ಚಿಗೆ ಅಂತ ಸ್ವಲ್ಪ ಕೈಯಲ್ಲಿ ಇಟ್ಟುಕೊಳ್ಳಲೇಬೇಕು.

ಮಕ್ಕಳ ಡಾಕ್ಟರು ಕಿವಿ ಡಾಕ್ಟರ ಹತ್ತಿರ ಕಳಿಸಿದರು. ಅವರು ಕಿವಿ ಒರೆಸುವ ಮುಂಚೆಯೇ ಒಳಗಿನ ಕೀವನ್ನು ಸ್ವಾಬ್‌ನಲ್ಲಿ ತೆಗೆದು, ಯಾವ ಬ್ಯಾಕ್ಟೀರಿಯಾ ಎಂದು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಕೊಟ್ಟರು. ಇದನ್ನು ಎಲ್ಲರಿಗೂ ಮಾಡುವುದಿಲ್ಲ. ಮೊದಲ ಔಷಧಿ ಕೆಲಸ ಮಾಡಿಲ್ಲ, ಕೀವೂ ತಾನಾಗಿ ಸಿಕ್ಕಿದೆ, ಅದಕ್ಕೆ ಮಾಡಿದ್ದು. ಲ್ಯಾಬಿನವರು ಸ್ಯಾಂಪಲನ್ನು ಹುಬ್ಬಳ್ಳಿಗೆ ಕಳಿಸಬೇಕಿತ್ತು. ಫೀಸು 800 ರೂಪಾಯಿ. ಕಳಿಸುವುದು ತಡವಾದರೆ ಈ ಜಾತಿಯ ಬ್ಯಾಕ್ಟೀರಿಯಾ ದಾರಿಯಲ್ಲೇ ಸತ್ತು, ರಿಪೋರ್ಟಿನಲ್ಲಿ ‘ಏನೂ ಬೆಳೆದಿಲ್ಲ’ ಎಂದು ಬರುತ್ತದಂತೆ. ಹಾಗಾಗಿ ಗಾಡಿ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಲ್ಯಾಬಿನಲ್ಲಿ ಕೇಳಿಕೊಳ್ಳಿ. ಶನಿವಾರ ಸಂಜೆ ಕೊಟ್ಟರೆ ಸೋಮವಾರದವರೆಗೆ ಅಲ್ಲೇ ಕೂರಬಹುದು.

ರಿಪೋರ್ಟಿಗೆ ಕಾಯದೆ ಔಷಧಿ ಬದಲಿಸಿದರು. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲಾನಿಕ್ ಆಸಿಡ್ ಇರುವುದು, ಅದೂ ಜಾಸ್ತಿ ಡೋಸಿನಲ್ಲಿ. ಯಾಕೆ ಎಂದು ಕೇಳಿದೆ. ಇಲ್ಲಿ ನನಗೆ ಬಹಳ ದಿನದ ಗೊಂದಲ ಬಗೆಹರಿಯಿತು. ಈ ಬ್ಯಾಕ್ಟೀರಿಯಾ ಔಷಧಿಯಿಂದ ತಪ್ಪಿಸಿಕೊಳ್ಳುವ ಮುಖ್ಯ ರೀತಿ ಎರಡು. ಹೀಮೋಫಿಲಸ್‌ನಲ್ಲಿ ಒಂದಷ್ಟು, ಮೊರಾಕ್ಸೆಲ್ಲಾದಲ್ಲಿ ಹೆಚ್ಚುಕಡಿಮೆ ಎಲ್ಲವೂ ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವ ತಯಾರಿಸುತ್ತವೆ. ಆ ಕಿಣ್ವ ಅಮಾಕ್ಸಿಸಿಲಿನ್ನನ್ನೇ ಮುರಿದು ಹಾಕುತ್ತದೆ. ಕ್ಲಾವುಲಾನಿಕ್ ಆಸಿಡ್ ಆ ಕಿಣ್ವಕ್ಕೆ ಅಂಟಿಕೊಂಡು ಅದರ ಕೆಲಸ ನಿಲ್ಲಿಸುತ್ತದೆ, ಆಗ ಅಮಾಕ್ಸಿಸಿಲಿನ್ ಉಳಿಯುತ್ತದೆ. ನ್ಯುಮೋಕಾಕಸ್ ಹಾಗಲ್ಲ. ಅದು ಆ ಕಿಣ್ವ ಮಾಡುವುದೇ ಇಲ್ಲ. ಔಷಧಿ ಅಂಟಿಕೊಳ್ಳಬೇಕಾದ ತನ್ನದೇ ಪ್ರೋಟೀನುಗಳನ್ನು ಬದಲಿಸಿಕೊಳ್ಳುತ್ತದೆ. ಅದಕ್ಕೆ ಕ್ಲಾವುಲಾನಿಕ್ ಆಸಿಡ್‌ನಿಂದ ಪ್ರಯೋಜನ ಇಲ್ಲ, ಅಮಾಕ್ಸಿಸಿಲಿನ್ ಪ್ರಮಾಣವೇ ಜಾಸ್ತಿ ಬೇಕು. ಯಾವುದು ಬಂದಿದೆ ಎಂದು ಗೊತ್ತಿಲ್ಲದಾಗ ಎರಡಕ್ಕೂ ತಯಾರಿರಬೇಕು, ಅಲ್ವಾ? ಅದಕ್ಕೇ ಈ ಜೋಡಿ, ಮತ್ತು ಈ ಡೋಸು.

ಒಂಬತ್ತನೇ ಕ್ಲಾಸಿಗೆ ಫ್ಲೆಮಿಂಗ್ 1928ರಲ್ಲಿ ಪೆನ್ಸಿಲಿನ್ ಕಂಡುಹಿಡಿದ ಪಾಠ ವರ್ಷವೂ ಮಾಡುತ್ತೇನೆ. 1929ರಲ್ಲಿ ಬರೆದ ಲೇಖನದಲ್ಲಿ ಅವರು ಪೆನ್ಸಿಲಿನ್ನಿಗೆ ಹೇಳಿದ ಒಂದು ಉಪಯೋಗ ಇದೇ ಹೀಮೋಫಿಲಸ್ಸನ್ನು ಬೇರ್ಪಡಿಸಿ ಬೆಳೆಸುವುದು. ಬೇರೆ ಬ್ಯಾಕ್ಟೀರಿಯಾ ಸಾಯುತ್ತಿದ್ದವು, ಇದು ಉಳಿಯುತ್ತಿತ್ತು. ಈ ವಿಷಯ ನನಗೆ ಗೊತ್ತಾದದ್ದು ಮಗುವಿನ ಪಕ್ಕ ಕೂತು ಓದಿದಾಗ. ಮುಂದಿನ ಸಲ ಪಾಠದಲ್ಲಿ ಸೇರಿಸುತ್ತೇನೆ.

ಇನ್ನು ಮೆಡಿಕಲ್ ಶಾಪಿನ ವಿಷಯ. ಇದನ್ನು ದಯವಿಟ್ಟು ಗಮನ ಕೊಟ್ಟು ಓದಿ. ಡಾಕ್ಟರು ಬರೆದದ್ದು 5 ಎಂ.ಎಲ್.ನಲ್ಲಿ 600 ಮಿಲಿಗ್ರಾಂ ಅಮಾಕ್ಸಿಸಿಲಿನ್ ಇರುವ ಸಿರಪ್. ಅದರ ಡಬ್ಬಿಯ ಮೇಲೆ 642.9 ಎಂದಿರುತ್ತದೆ, ಕ್ಲಾವುಲಾನಿಕ್ ಆಸಿಡ್ 42.9 ಸೇರಿ. ದಿನಕ್ಕೆ ಎರಡು ಸಲ, 5 ಎಂ.ಎಲ್. ಒಂದು ಅಂಗಡಿಯಲ್ಲಿ ಆ ಸ್ಟಾಕ್ ಇರಲಿಲ್ಲ. ‘ಅದೇ ಔಷಧಿ ಮೇಡಂ, ಕಂಪನಿ ಬೇರೆ ಅಷ್ಟೇ’ ಎಂದು ಇನ್ನೊಂದು ಬಾಟಲಿ ಕೊಟ್ಟರು. ತಿರುಗಿಸಿ ನೋಡಿದರೆ 228.5 ಎಂದಿತ್ತು. ಅಂದರೆ 5 ಎಂ.ಎಲ್.ನಲ್ಲಿ ಅಮಾಕ್ಸಿಸಿಲಿನ್ ಬರೀ 200. ಅಳತೆ ಬದಲಿಸಬೇಕೆಂದು ಯಾರೂ ಹೇಳಲಿಲ್ಲ. ಅಲ್ಲೇ ನಿಂತು ಲೆಕ್ಕ ಹಾಕಿದೆ. ಡಾಕ್ಟರು ಬರೆದಂತೆ ಕೊಟ್ಟರೆ ದಿನಕ್ಕೆ 1,200 ಮಿಲಿಗ್ರಾಂ, 14 ಕಿಲೊ ಮಗುವಿಗೆ ಕಿಲೊಗೆ ಸುಮಾರು 86. ಜಾಸ್ತಿ ಡೋಸು ಎಂದರೆ ಕಿಲೊಗೆ 80ರಿಂದ 90. ಈ ಬಾಟಲಿಯಿಂದ ಅದೇ 5 ಎಂ.ಎಲ್. ಕೊಟ್ಟರೆ ದಿನಕ್ಕೆ 400, ಕಿಲೊಗೆ 28-29. ಮೂರರಲ್ಲಿ ಒಂದು ಪಾಲು! ಮಗು ನಿಯತ್ತಾಗಿ ಔಷಧಿ ಕುಡಿಯುತ್ತದೆ, ಬ್ಯಾಕ್ಟೀರಿಯಾ ಸಾಯುವುದಿಲ್ಲ. ಆಮೇಲೆ ಔಷಧಿಯೇ ಸರಿಯಿಲ್ಲ ಎಂದುಕೊಳ್ಳುತ್ತೇವೆ.

ಹಾಗಾದರೆ ಇದನ್ನೇ 15 ಎಂ.ಎಲ್. ಕೊಡಬಹುದಾ ಎಂದು ಡಾಕ್ಟರಿಗೆ ಫೋನ್ ಮಾಡಿದೆ. ಬೇಡ ಎಂದರು. ಹಾಗೆ ಕೊಟ್ಟರೆ ಕ್ಲಾವುಲಾನಿಕ್ ಆಸಿಡ್ ಕೂಡ ಜಾಸ್ತಿ ಹೋಗಿ ಭೇದಿ ಹಿಡಿಯುತ್ತದೆ. 642.9ರಲ್ಲಿ ಅದನ್ನು ಬೇಕೆಂದೇ ಕಡಿಮೆ ಇಟ್ಟಿರುತ್ತಾರೆ. ಪೇಟೆಯಲ್ಲಿ ಹುಡುಕಿ ಹುಡುಕಿ ಕೊನೆಗೆ ಸರಿಯಾದದ್ದು ಸಿಕ್ಕಿತು. 50 ಎಂ.ಎಲ್. ಬಾಟಲಿಗೆ 300 ರೂಪಾಯಿ ಹತ್ತಿರ. ಒಂದು ಬಾಟಲಿ 5 ದಿನಕ್ಕೆ ಬರುತ್ತದೆ. 10 ದಿನದ ಕೋರ್ಸಿಗೆ ಎರಡು ಬೇಕು. ಎರಡನ್ನೂ ಆಗಲೇ ತೆಗೆದುಕೊಳ್ಳಿ, ಇಲ್ಲದಿದ್ದರೆ ನಡುವೆ ಸ್ಟಾಕ್ ಮುಗಿದಿರುತ್ತದೆ. ಆದರೆ ಎರಡನೆಯದಕ್ಕೆ ನೀರು ಬೆರೆಸಬೇಡಿ. ಮೊದಲನೆಯದು ಖಾಲಿಯಾದ ಮೇಲೆ ಬೆರೆಸಿ. ಪುಡಿಯಾಗಿರುವಾಗ ಕೆಡುವುದಿಲ್ಲ. ನೀರು ಬೆರೆಸಿದ ಮೇಲೆ ನಮ್ಮ ಬಾಟಲಿಯ ಲೇಬಲ್ ಪ್ರಕಾರ 7 ದಿನ ಅಷ್ಟೇ ಆಯುಷ್ಯ.

ನೀರು ಬೆರೆಸುವ ಕ್ರಮವೂ ಇದೆ. ಮೊದಲು ಬಾಟಲಿ ತಟ್ಟಿ ಪುಡಿ ಸಡಿಲ ಮಾಡಬೇಕು. ಕುದಿಸಿ ಪೂರ್ತಿ ಆರಿದ ನೀರನ್ನು ಅರ್ಧ ಹಾಕಿ ಕುಲುಕಬೇಕು. ಆಮೇಲೆ ಗೆರೆಯವರೆಗೆ ತುಂಬಿಸಿ ಮತ್ತೆ ಕುಲುಕಬೇಕು. ಪ್ರತಿ ಸಲ ಕೊಡುವ ಮುಂಚೆಯೂ ಕುಲುಕಬೇಕು, ಇಲ್ಲದಿದ್ದರೆ ಔಷಧಿ ತಳದಲ್ಲೇ ಉಳಿಯುತ್ತದೆ. ಮನೆಯ ಚಮಚದಲ್ಲಿ ಅಳೆಯಬೇಡಿ. ಸೂಜಿಯಿಲ್ಲದ ಸಿರಿಂಜು 10 ರೂಪಾಯಿಗೆ ಸಿಗುತ್ತದೆ. ಕೆನ್ನೆಯ ಒಳಬದಿಗೆ ನಿಧಾನ ಬಿಟ್ಟರೆ ಉಗುಳುವುದಿಲ್ಲ. ಊಟ ಶುರು ಮಾಡುವಾಗ ಕೊಟ್ಟರೆ ಹೊಟ್ಟೆಗೂ ಒಳ್ಳೆಯದು.

ಯಾರೂ ಎಚ್ಚರಿಸದ ಕಷ್ಟ ಎಂದರೆ ಫ್ರಿಜ್. ಬೆರೆಸಿದ ಈ ಸಿರಪ್ಪನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಕ್ಲಾವುಲಾನಿಕ್ ಆಸಿಡ್ ನೀರಿನಲ್ಲಿ ಬೇಗ ಹಾಳಾಗುತ್ತದೆ, ಬೆಚ್ಚಗಿದ್ದರೆ ಇನ್ನೂ ಬೇಗ. ನಮ್ಮಲ್ಲೋ ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಎರಡೆರಡು ದಿನ ಇಲ್ಲ. ಡಾಕ್ಟರು ಫ್ರಿಜ್ಜಿನಲ್ಲಿಡಿ ಎಂದು ಹೇಳಿದರು, ನಾವೂ ಹೂಂ ಎಂದು ಬಂದೆವು. ಮನೆಗೆ ಬಂದು ನೋಡಿದರೆ ಫ್ರಿಜ್ಜಿನೊಳಗೆ ಹೊರಗಿನಷ್ಟೇ ಬೆಚ್ಚಗೆ. ಮೇಲಿನ ಮನೆಯಲ್ಲಿ ಸೋಲಾರ್ ಇನ್ವರ್ಟರಿಗೆ ಫ್ರಿಜ್ ಹಾಕಿದ್ದಾರೆ. ಬಾಟಲಿ ಅಲ್ಲೇ ಉಳಿಯಿತು. ಬೆಳಗ್ಗೆ, ಸಂಜೆ ಕೊಡೆ ಹಿಡಿದು, ಉಂಬಳ ಕಚ್ಚಿಸಿಕೊಂಡು ತೋಟದ ಮೇಲೆ ಹತ್ತಿ ಹೋಗಿ, ಸಿರಿಂಜಿನಲ್ಲಿ ತುಂಬಿಸಿಕೊಂಡು ಬರುತ್ತಿದ್ದೆವು. ಆ ಅಕ್ಕನ ಉಪಕಾರ ದೊಡ್ಡದು. ಹತ್ತಿರ ಅಂಥ ಮನೆ ಇಲ್ಲದವರು ಅಗಲ ಬಾಯಿಯ ಫ್ಲಾಸ್ಕಿನಲ್ಲಿ ಐಸ್ ಮತ್ತು ನೀರು ಹಾಕಿ, ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಡಬಹುದು. ಔಷಧಿ ಹೆಪ್ಪುಗಟ್ಟಬಾರದು, ಅಷ್ಟು ನೋಡಿಕೊಳ್ಳಿ. ಕರೆಂಟಿನ ಸಮಸ್ಯೆ ಇರುವವರು ಚೀಟಿ ಬರೆಸುವಾಗಲೇ ಡಾಕ್ಟರಿಗೆ ಹೇಳಿಬಿಡಿ. ನೀರಿನಲ್ಲಿ ಕರಗುವ ಮಾತ್ರೆಯ ರೂಪದಲ್ಲೂ ಈ ಔಷಧಿ ಬರುತ್ತದೆ, ಅದಕ್ಕೆ ಫ್ರಿಜ್ ಬೇಡ. ಮಗುವಿನ ತೂಕಕ್ಕೆ ಹೊಂದಿದರೆ ಅದನ್ನೇ ಬರೆಯಬಹುದು.

ಹೊಸ ಔಷಧಿ ಶುರುವಾದ ಎರಡನೇ ದಿನಕ್ಕೆ ಜ್ವರ ಇಳಿಯಿತು. ಗಂಜಿ, ತುಪ್ಪ, ಮಾವಿನ ಮಿಡಿಯ ರಸ ಬೇಕೆಂದು ತಾನಾಗಿಯೇ ಕೇಳಿದ. ಭೇದಿ ಸ್ವಲ್ಪ ಆಯಿತು, ಕೂರುವ ಜಾಗ ಕೆಂಪಾಯಿತು. ಅದಕ್ಕೆ ಹೆದರಿ ಔಷಧಿ ನಿಲ್ಲಿಸಲಿಲ್ಲ. ಓಆರ್‌ಎಸ್, ಮಜ್ಜಿಗೆ, ಅನ್ನ-ಸಾರು ಕೊಟ್ಟೆವು. ನಾಲ್ಕೈದು ಸಲಕ್ಕಿಂತ ಜಾಸ್ತಿ ನೀರಾಗಿ ಹೋದರೆ ಅಥವಾ ರಕ್ತ ಕಂಡರೆ ಫೋನ್ ಮಾಡಿ ಎಂದಿದ್ದರು. ಮೈಮೇಲೆ ದದ್ದು ಎದ್ದರೆ, ತುಟಿ-ಮುಖ ಊದಿದರೆ, ಉಸಿರು ಕಟ್ಟಿದರೆ ಮಾತ್ರ ತಕ್ಷಣ ನಿಲ್ಲಿಸಿ ಓಡಬೇಕು. ಕಿವಿಯ ಹಿಂದೆ ಊತ ಬಂದು ಕಿವಿ ಮುಂದಕ್ಕೆ ಚಾಚಿದ ಹಾಗೆ ಕಂಡರೆ, ಕುತ್ತಿಗೆ ಬಿಗಿದರೆ, ಮುಖ ಒಂದು ಕಡೆ ಸೊಟ್ಟಗಾದರೆ, ಮಗು ಮಂಕಾಗಿ ಎಬ್ಬಿಸಿದರೂ ಏಳದಿದ್ದರೆ ಬೆಳಗಾಗುವವರೆಗೂ ಕಾಯಬಾರದು. ಈ ಲಕ್ಷಣಗಳನ್ನು ಒಂದು ಹಾಳೆಯಲ್ಲಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದೆ, ಅತ್ತೆಗೂ ಕಾಣಲಿ ಎಂದು.

ಕೀವು ನಿಂತು, ಪರದೆ ಮುಚ್ಚಿದೆ ಎಂದು ಡಾಕ್ಟರು ಹೇಳುವವರೆಗೆ ಕಿವಿಗೆ ನೀರು ಹೋಗಬಾರದು. ಅಭ್ಯಂಜನ ಬಂದ್. ಬಚ್ಚಲಿಗೆ ಹೋಗುವಾಗ ಹತ್ತಿಗೆ ವ್ಯಾಸಲಿನ್ ಸವರಿ ಕಿವಿಯ ಬಾಯಿಗೆ ಇಡುತ್ತಿದ್ದೆ. ಸ್ನಾನ ಆದ ಕೂಡಲೇ ತೆಗೆಯಬೇಕು. ಬಚ್ಚಲ ಒಲೆಯ ಹೊಗೆಯಿಂದಲೂ ದೂರ ಇಡಿ ಎಂದರು. ಹೊಗೆ, ಬೀಡಿ-ಸಿಗರೇಟು ಯಾವುದಾದರೂ ಸರಿ, ಅದು ತುಂಬಿದ ಮನೆಯ ಮಕ್ಕಳಿಗೆ ಕಿವಿ ಸೋಂಕು ಜಾಸ್ತಿ.

ಅಷ್ಟರಲ್ಲಿ ಕಲ್ಚರ್ ರಿಪೋರ್ಟ್ ಬಂತು. ಹೀಮೋಫಿಲಸ್ ಇನ್ಫ್ಲುಯೆಂಜೆ, ಬೀಟಾ-ಲ್ಯಾಕ್ಟಮೇಸ್ ಪಾಸಿಟಿವ್. ಅಮಾಕ್ಸಿಸಿಲಿನ್-ಕ್ಲಾವುಲಾನೇಟ್‌ಗೆ ಸೆನ್ಸಿಟಿವ್. ಮೊದಲ ಔಷಧಿ ಯಾಕೆ ಸೋತಿತು ಎಂಬುದಕ್ಕೆ ಉತ್ತರ ಕಾಗದದ ಮೇಲೇ ಇತ್ತು. ಮನೆಯವರು ಅದನ್ನು ಓದಿ, ಇದು ಇನ್ಫ್ಲುಯೆಂಜಾ ಜ್ವರವಾ ಎಂದು ಗಾಬರಿಯಾದರು. ಅಲ್ಲ. ಆ ಜ್ವರ ವೈರಸ್ಸಿನದ್ದು, ಇದು ಬ್ಯಾಕ್ಟೀರಿಯಾ.

ನನಗಿದ್ದ ಸಂಶಯ ಬೇರೆ. ತಾಯಿ ಕಾರ್ಡಿನಲ್ಲಿ ಎಲ್ಲ ಲಸಿಕೆಯೂ ಆಗಿತ್ತು. ಪೆಂಟಾವೇಲೆಂಟ್‌ನಲ್ಲಿ ಹೀಮೋಫಿಲಸ್ ಲಸಿಕೆ ಇದೆಯಲ್ಲ, ಮತ್ತೆ ಯಾಕೆ ಬಂತು? ಆ ಲಸಿಕೆ ಬಿ ಮಾದರಿಯ ಹೀಮೋಫಿಲಸ್‌ಗೆ, ಮೆದುಳು ಜ್ವರ ತರುವಂಥದ್ದಕ್ಕೆ. ಕಿವಿಗೆ ಬರುವುದು ಸಾಮಾನ್ಯವಾಗಿ ಹೊರಕವಚ ಇಲ್ಲದ ಮಾದರಿ, ಅದಕ್ಕೆ ಆ ಲಸಿಕೆ ತಾಗುವುದಿಲ್ಲ. ನ್ಯುಮೋಕಾಕಸ್‌ಗೆ ಪಿಸಿವಿ ಇದೆ. ಸರ್ಕಾರದ ಲಸಿಕೆ ಕಾರ್ಯಕ್ರಮದಲ್ಲಿ ಅದು 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ, 2021ರಲ್ಲಿ ದೇಶಕ್ಕೆಲ್ಲ ಬಂತು. 6 ವಾರ, 14 ವಾರ, 9 ತಿಂಗಳಿಗೆ ಉಚಿತವಾಗಿ ಹಾಕುತ್ತಾರೆ. ಪಿಸಿವಿ ಬಂದ ದೇಶಗಳಲ್ಲಿ ಕಿವಿ ಸೋಂಕಿನಲ್ಲಿ ನ್ಯುಮೋಕಾಕಸ್‌ನ ಪಾಲು ಇಳಿದು, ಹೀಮೋಫಿಲಸ್‌ನ ಪಾಲು ಏರಿದೆ. ಹಾಗಂತ ಲಸಿಕೆ ವ್ಯರ್ಥ ಅಲ್ಲ. ಇದ್ದದ್ದರಿಂದಲೇ ಹೆಚ್ಚು ಅಪಾಯದ್ದು ತಪ್ಪಿದೆ ಎಂದು ಡಾಕ್ಟರು ಒತ್ತಿ ಹೇಳಿದರು.

ಕೋರ್ಸು ಮುಗಿಯಿತು, ಅಂಗನವಾಡಿಗೆ ಹೋದ. ಎಲ್ಲ ಮುಗಿಯಿತು ಎಂದುಕೊಂಡಾಗ ಟೀಚರ್ ಹೇಳಿದರು: ‘ಹಿಂದಿನಿಂದ ಕರೆದರೆ ತಿರುಗೋದಿಲ್ಲ ಮೇಡಂ.’ ಮನೆಯಲ್ಲೂ ಟಿವಿ ಜೋರು ಮಾಡುತ್ತಿದ್ದ, ಹೇಳಿದ್ದನ್ನೇ ಹೇಳಿಸುತ್ತಿದ್ದ. ಕಿವುಡಾಗಿಬಿಟ್ಟನಾ ಎಂಬ ಭಯದಲ್ಲಿ ಕಳೆದ ಆ ವಾರ ಇಡೀ ಪ್ರಕರಣದಲ್ಲೇ ಕಷ್ಟದ್ದು. ಪರದೆ ಮುಚ್ಚಿತ್ತು. ಹಿಂದೆ ದ್ರವ ಉಳಿದಿತ್ತು. ಶ್ರವಣ ಪರೀಕ್ಷೆಗೆ ಹುಬ್ಬಳ್ಳಿಗೆ ಹೋಗಲು ಹೇಳಿದರು. ಕಾರವಾರದ ಜಿಲ್ಲಾಸ್ಪತ್ರೆ ಇದೆ, ಆದರೆ ಶಿರಸಿಯಿಂದ ಎರಡೂ ನೂರು ಕಿಲೋಮೀಟರಿನ ಆಸುಪಾಸು. ನಮಗೆ ಹುಬ್ಬಳ್ಳಿ ಬಸ್ಸೇ ಅನುಕೂಲ. ಹಳೆಯ ಚೀಟಿಗಳು, ಕಲ್ಚರ್ ರಿಪೋರ್ಟ್, ತಾಯಿ ಕಾರ್ಡ್, ಆಧಾರ್ ಎಲ್ಲ ಒಂದೇ ಫೈಲಿನಲ್ಲಿ ಇಟ್ಟುಕೊಂಡದ್ದು ಅಲ್ಲಿ ಉಪಯೋಗಕ್ಕೆ ಬಂತು. ಯಾವ ಔಷಧಿ, ಎಷ್ಟು ಡೋಸು ಎಂದು ಕೇಳಿದಾಗ ತೋರಿಸಿದರೆ ಆಯಿತು.

ಟಿಂಪನೊಮೆಟ್ರಿ ಎಂಬ ಪರೀಕ್ಷೆ ಮಾಡಿದರು. ಮೆತ್ತಗಿನ ರಬ್ಬರು ತುದಿ ಕಿವಿಗಿಟ್ಟು ಗಾಳಿಯ ಒತ್ತಡ ಬದಲಿಸುತ್ತಾರೆ. ನೋವಿಲ್ಲ, ಮಗು ಅಲುಗದೆ ಕೂತರೆ ಕ್ಷಣದಲ್ಲಿ ಮುಗಿಯುತ್ತದೆ. 600 ರೂಪಾಯಿ. ಪರದೆ ಸರಿಯಾಗಿ ಅಲುಗಿದರೆ ಗೆರೆ ನಡುವೆ ಏರಿ ಇಳಿಯುತ್ತದೆ. ನಮ್ಮವನ ಬಲಗಿವಿಯ ಗೆರೆ ಚಪ್ಪಟೆ, ಬಿ ಟೈಪ್. ನನ್ನ ಮುಖ ನೋಡಿ ಅಲ್ಲಿನ ಡಾಕ್ಟರು ಲೆಕ್ಕ ಹೇಳಿದರು. ಇಂಥ ಸೋಂಕಿನ ನಂತರ ತಿಂಗಳು ಕಳೆದರೂ 100ರಲ್ಲಿ ಸುಮಾರು 40 ಮಕ್ಕಳ ಕಿವಿಯಲ್ಲಿ ದ್ರವ ಇರುತ್ತದೆ. ಮೂರು ತಿಂಗಳಿಗೆ ಅದು 10ರಿಂದ 25ಕ್ಕೆ ಇಳಿಯುತ್ತದೆ. ಈ ದ್ರವಕ್ಕೆ ಮತ್ತೆ ಆಂಟಿಬಯೋಟಿಕ್ ಕೊಡುವುದರಿಂದ ಪ್ರಯೋಜನ ಇಲ್ಲ. ಮೂರು ತಿಂಗಳು ದಾಟಿಯೂ ಉಳಿದು, ಕೇಳುವುದಕ್ಕೆ ತೊಂದರೆಯಾದರೆ ಮಾತ್ರ ಪರದೆಯಲ್ಲಿ ಗ್ರೊಮೆಟ್ ಎಂಬ ಸಣ್ಣ ನಳಿಕೆ ಇಡುವ ಯೋಚನೆ. ಅಲ್ಲಿಯವರೆಗೆ ಎದುರಿಗೆ ಕೂತು, ಮುಖ ತೋರಿಸಿ, ಸ್ಪಷ್ಟವಾಗಿ ಮಾತಾಡಿ ಎಂದರು.

ಹಾಗೇ ಮಾಡಿದೆವು. ಟೀಚರ್ ಅವನನ್ನು ಮುಂದೆ, ಎಡಗಿವಿ ತಮ್ಮ ಕಡೆ ಬರುವ ಹಾಗೆ ಕೂರಿಸಿಕೊಂಡರು. ಅಂಗನವಾಡಿ ಮಕ್ಕಳ ತಪಾಸಣೆಗೆ ಸರ್ಕಾರದ ಆರ್‌ಬಿಎಸ್‌ಕೆ ತಂಡ ಬರುತ್ತದೆ. ಅವರ ಪಟ್ಟಿಯಲ್ಲಿ ಕಿವಿ ಸೋಂಕು, ಶ್ರವಣ ದೋಷ ಎರಡೂ ಇವೆ. ಅವರಿಗೂ ಹೆಸರು ಕೊಟ್ಟು ಬರೆಸಿದೆ. ಖಾಸಗಿಯಲ್ಲಿ ಖರ್ಚು ಮಾಡಲಾಗದವರು ಈ ದಾರಿ ಹಿಡಿಯಿರಿ, ಮುಂದಿನ ಚಿಕಿತ್ಸೆಗೆ ಅವರೇ ಕಳಿಸಿಕೊಡುತ್ತಾರೆ.

ನವರಾತ್ರಿ ಹೊತ್ತಿಗೆ ಹಿಂದಿನಿಂದ ಮೆಲ್ಲಗೆ ಕರೆದರೂ ಓಗೊಡತೊಡಗಿದ. ಮತ್ತೆ ಮಾಡಿಸಿದ ಪರೀಕ್ಷೆಯಲ್ಲಿ ಗೆರೆ ಏರಿ ಇಳಿದಿತ್ತು, ಎ ಟೈಪ್. ಆ ಕಾಗದ ನೋಡಿ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಗ್ರೊಮೆಟ್ ಮಾತು ಅಲ್ಲಿಗೆ ನಿಂತಿತು.

ಒಟ್ಟು ಖರ್ಚು 9 ಸಾವಿರದ ಹತ್ತಿರ. ಅರ್ಧಕ್ಕಿಂತ ಜಾಸ್ತಿ ಗಾಡಿ, ಬಸ್ಸು, ಹೊರಗಿನ ಊಟಕ್ಕೇ ಹೋಯಿತು. ಆಂಟಿಬಯೋಟಿಕ್ಕಿಗೆ ಆದದ್ದು ಸಾವಿರವೂ ಇಲ್ಲ. ಹೊರರೋಗಿಯಾಗಿ ತೋರಿಸಿದ್ದರಿಂದ ಆಯುಷ್ಮಾನ್ ಕಾರ್ಡು ಬಳಕೆಗೆ ಬರಲಿಲ್ಲ. ನಾನು ಶಾಲೆಗೆ ಹಾಕಿದ ರಜೆಗಳು ಬೇರೆ.

ಕೊನೆಯ ಭೇಟಿಯಲ್ಲಿ ಮಕ್ಕಳ ಡಾಕ್ಟರು ಫ್ಲೂ ಲಸಿಕೆಯ ಬಗ್ಗೆ ಹೇಳಿದರು. ಅದು ವೈರಸ್ಸಿನ ಲಸಿಕೆಯಾದರೂ, ಶೀತಜ್ವರ ತಪ್ಪಿದರೆ ಅದರ ಹಿಂದೆ ಬರುವ ಕಿವಿ ಸೋಂಕೂ ಸ್ವಲ್ಪ ತಪ್ಪುತ್ತದೆ. ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇಲ್ಲ, ದುಡ್ಡು ಕೊಟ್ಟು ಹಾಕಿಸಬೇಕು. 9 ವರ್ಷದೊಳಗಿನ ಮಕ್ಕಳಿಗೆ ಮೊದಲ ಸಲ ನಾಲ್ಕು ವಾರ ಬಿಟ್ಟು ಎರಡು ಡೋಸು ಬೇಕಾಗುವುದರಿಂದ ಜೂನ್ ಮಳೆಗೆ ಮುಂಚೆ ಮುಗಿಯಬೇಕೆಂದರೆ ಏಪ್ರಿಲ್‌ನಲ್ಲೇ ಶುರು ಮಾಡಬೇಕು. ನಾವು ಏಪ್ರಿಲ್ ಮೊದಲ ವಾರಕ್ಕೆ ಹೆಸರು ಬರೆಸಿ ಬಂದಿದ್ದೇವೆ.